ಮೂಡಲ ಕಾಯಿಲ್‌ನಲ್ಲಿ ಕೇಳಿದ ಬಡಿತ

ಹೊಳೆನರಸೀಪುರ

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯ ಮೇಲಿದೆ. ಸುಟ್ಟುಹೋದ ಪಂಪ್‌ಸೆಟ್ಟಿನ ಹೊಟ್ಟೆ ಬಿಚ್ಚಿ, ಕರಿಕಾದ ತಾಮ್ರ ಕಿತ್ತು, ಹೊಸ ತಂತಿ ಸುತ್ತಿಕೊಡುವುದು ಮೂವತ್ತು ವರ್ಷದ ಕಸುಬು. ಇಂಥವನು ಫಿನ್ಲೆಂಡಿನ ಉತ್ತರದ ತುದಿಗೆ, ಅದೂ ಡಿಸೆಂಬರಿನಲ್ಲಿ, ಯಾಕೆ ಹೋದ ಎಂದು ಇಂದಿಗೂ ಜನ ಕೇಳುತ್ತಾರೆ. ಕೇಳಿದವರಿಗೆ ಅರ್ಧ ಹೇಳಿ ಸುಮ್ಮನಾಗಿದ್ದೇನೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ಸುಜಾತ ಮಲ್ಲಿಪಟ್ಟಣದವಳು. ಅವಳ ತಂದೆಯ ಶುಂಠಿ ಹೊಲದ ಮೋಟಾರು ವರ್ಷಕ್ಕೆ ಎರಡು ಸಲವಾದರೂ ನನ್ನ ಅಂಗಡಿಗೆ ಬರುತ್ತಿತ್ತು. ಮೋಟಾರಿನ ಜೊತೆ ಲಗೇಜ್ ಆಟೋದಲ್ಲಿ ಕೂತು ಅವಳೂ ಬರುತ್ತಿದ್ದಳು. ಅಪ್ಪ ಪೇಟೆ ಸುತ್ತಿ ಬರುವ ತನಕ ನಾನು ತಂತಿ ಸುತ್ತುವುದನ್ನೇ ನೋಡುತ್ತ ನಿಂತಿರುತ್ತಿದ್ದಳು. ಈಗ ಅವಳು ಫಿನ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ವಿಜ್ಞಾನಿ. ಭೂಮಿಯ ಸುತ್ತ ಕಣ್ಣಿಗೆ ಕಾಣದಂತೆ ಹಬ್ಬಿರುವ ಅಯಸ್ಕಾಂತದ ವಲಯದಲ್ಲಿ ಏನೇನು ನಡೆಯುತ್ತದೆ ಎಂದು ಅಭ್ಯಾಸ ಮಾಡುತ್ತಾಳೆ.

ಹಿಂದಿನ ವರ್ಷ ರಜೆಗೆ ಬಂದಾಗ ಒಂದು ನಕ್ಷೆ ತಂದು ನನ್ನ ಮೇಜಿನ ಮೇಲೆ ಹರಡಿದಳು. ತೋಳುದ್ದದ ಲೋಹದ ಸರಳು. ಅದರ ಮೇಲೆ ಕೂದಲಿಗಿಂತ ಸಣ್ಣ ತಂತಿ, ಹತ್ತಾರು ಸಾವಿರ ಸುತ್ತು.

"ಇದು ತಿರುಗೋದಲ್ಲ ಪುಟ್ಟಸ್ವಾಮಣ್ಣ. ಸುಮ್ನೆ ಮಲಗಿರುತ್ತೆ. ಕೇಳಿಸ್ಕೊಳುತ್ತೆ, ಅಷ್ಟೇ."

"ಏನ್ನವ್ವ ಕೇಳಿಸ್ಕಳದು?"

"ಮೇಲಿಂದು," ಎಂದಳು.

ಅಂಥ ಮೂರು ಕಾಯಿಲ್ ಸುತ್ತಿಕೊಟ್ಟೆ. ಕಡೆಯದನ್ನು ಸುತ್ತುವಾಗ ಬಲಗೈ ಮಣಿಕಟ್ಟು ಊದಿಕೊಂಡಿತ್ತು, ಎಂದಿನ ಬಿಗಿ ಬರಲಿಲ್ಲ. ಅದನ್ನು ಅವಳಿಗೆ ಹೇಳಿಯೇ ಕಳಿಸಿದೆ. ಚಳಿಗಾಲ ಶುರುವಾಗುತ್ತಿದ್ದಂತೆ ಅವಳ ಫೋನ್ ಬಂತು. ಎರಡು ಕಾಯಿಲ್ ಸತ್ತುಹೋಗಿವೆ. ಅಲ್ಲಿ ಇಂಥದ್ದನ್ನು ಕೈಯಲ್ಲಿ ಕಟ್ಟುವವರಿಲ್ಲ. ಟಿಕೆಟ್ಟು, ವೀಸಾ ಎಲ್ಲ ನಾನು ನೋಡಿಕೊಳ್ಳುತ್ತೇನೆ, ನೀವೇ ಬರಬೇಕು ಎಂದಳು.

ನನ್ನ ಹೆಂಡತಿ ಜಯಮ್ಮ ಚೀಲ ಕಟ್ಟುತ್ತ ಹೇಳಿದಳು: "ಸುಟ್ಟೋದ ಮೋಟ್ರು ಅಂಗ್ಡಿಗ್ ಬತ್ತದೆ. ಅಂಗ್ಡಿನೇ ಎದ್ದು ಮೋಟ್ರ ತಾವ್ಕ್ ಓಗದ ಎಲ್ಲೂ ಕಂಡಿಲ್ಲ ಕಣಪ್ಪ."

ವಿಮಾನ ನಿಲ್ದಾಣ

ಎರಡನೆಯ ವಿಮಾನ ಹತ್ತುವ ಕಡೆ ನನ್ನ ಚೀಲವನ್ನು ಪಕ್ಕಕ್ಕೆ ಎಳೆದರು. ಒಳಗಿದ್ದದ್ದು ತಂತಿ ಸುತ್ತಲು ಎರಡು ಖಾಲಿ ಬಾಬಿನ್ನು, ತಂತಿಯ ರೀಲು, ಜಯಮ್ಮನ ಹುರಿಹಿಟ್ಟು. ಪರದೆಯ ಮೇಲೆ ಅದೆಲ್ಲ ಸೇರಿ ಹೇಗೆ ಕಂಡಿತೋ, ಮೂವರು ಬಂದು ನೋಡಿದರು. ಇದು ಯಾವುದಕ್ಕೆ ಎಂದು ಅಧಿಕಾರಿ ಹೆಂಗಸು ಕೇಳಿದಳು. ಕೇಳುವುದಕ್ಕೆ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಏನನ್ನು ಎಂದಳು. ಬಾಯಿಗೆ ಮಾತು ಬಾರದೆ ಬೆರಳನ್ನು ಮೇಲಕ್ಕೆ ತೋರಿಸಿದೆ. ಅದು ತಪ್ಪಾಯಿತು. ಮೂವರೂ ಚಾವಣಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸುಜಾತ ಕೊಟ್ಟಿದ್ದ ಪತ್ರವನ್ನು ನಾಲ್ಕು ಸಲ ಓದಿ, ಹುರಿಹಿಟ್ಟಿಗೆ ಒಂದು ಕಾಗದದ ಪಟ್ಟಿ ಅದ್ದಿ ಪರೀಕ್ಷಿಸಿ ಬಿಟ್ಟರು. ಓಡಿಹೋಗಿ ವಿಮಾನ ಹತ್ತಿದೆ.

ಆ ವಿಮಾನದ ಕಿಟಕಿಯಲ್ಲಿ ಹೊತ್ತು ಮುಳುಗುವುದನ್ನು ನೋಡಿದೆ. ಅಲ್ಲಿನ ಸಮಯಕ್ಕೆ ತಿರುಗಿಸಿದ್ದ ನನ್ನ ಗಡಿಯಾರದಲ್ಲಿ ಇನ್ನೂ ಇಳಿಹೊತ್ತು ಕೂಡ ಆಗಿರಲಿಲ್ಲ. ಅದಾದ ಮೇಲೆ ಒಂಬತ್ತು ದಿನ ಸೂರ್ಯನ ಮುಖ ಕಾಣಲಿಲ್ಲ.

ಮೊದಲ ದಿನ: ತಂತಿಯಿಲ್ಲದ ಕಾಡು

ಮರುದಿನ ಬೆಳಿಗ್ಗೆ ನನ್ನನ್ನು ಕರೆದೊಯ್ಯಲು ಸುಜಾತನ ಜೊತೆ ಎಸ್ಕೊ ಎಂಬ ಮುದುಕ ಬಂದಿದ್ದ. ಎಪ್ಪತ್ತರ ಹತ್ತಿರದ ವಯಸ್ಸು, ಅಗಲವಾದ ಅಂಗೈ. ಸುಜಾತ ಕೆಲಸ ಮಾಡುವ ಕಾಡಿನ ಮನೆಯನ್ನು ನೋಡಿಕೊಳ್ಳುವವನು ಅವನೇ. ಹಿಮದ ಮೇಲೆ ಓಡುವ ಮೋಟಾರು ಬಂಡಿ ಅವನದು. ನನ್ನ ಕೈ ಕುಲುಕಿದ, ಚೀಲ ಎತ್ತಿ ಬಂಡಿಯ ಹಿಂದಿನ ಜಾರುಗಾಡಿಗೆ ಕಟ್ಟಿದ. ಒಂದು ಮಾತಿಲ್ಲ. ನಮ್ಮ ಕಡೆ ಹೊಸಬರು ಬಂದರೆ ಯಾವೂರು, ಯಾರ ಪೈಕಿ, ಊಟ ಆಯಿತೇ ಎಂದು ಮೂರು ಪ್ರಶ್ನೆಯಾದರೂ ಆಗಬೇಕು. ಇವನಿಗೇನು ಕೋಪವೋ ಎಂದುಕೊಂಡೆ.

"ಕೋಪ ಅಲ್ಲ," ಎಂದಳು ಸುಜಾತ. "ಇಲ್ಲಿ ಸುಮ್ನಿರೋದೇ ಮರ್ಯಾದೆ. ಜಾಸ್ತಿ ಮಾತಾಡಿದ್ರೆ ಇವ್ನಿಗೇನೋ ಬೇಕಾಗಿದೆ ಅನ್ಕೋತಾರೆ."

ಹಗಲು ಹನ್ನೊಂದು ಗಂಟೆಗೆ ದಿಗಂತದ ಒಂದು ಕಡೆ ನೀಲಿ ಮೂಡಿತು. ಮರ, ಹಿಮ, ನಮ್ಮ ಮುಖ, ಎಲ್ಲವೂ ನೀಲಿ. ಇನ್ನೇನು ಬೆಳಗಾಗುತ್ತದೆ ಎಂದು ಕಾದೆ. ಒಂದೂವರೆಯ ಹೊತ್ತಿಗೆ ಆ ನೀಲಿಯೂ ಹಿಂಗಿ ಕತ್ತಲೆ ಮುಚ್ಚಿತು. ಸಾವಾದ ಮನೆಯಲ್ಲಿ ದೀಪ ಸಣ್ಣದು ಮಾಡಿಟ್ಟ ಹಾಗಿತ್ತು.

ಕಾಡಿನ ಮನೆ ಹತ್ತಿರದ ಹಳ್ಳಿಯಿಂದ ಬಂಡಿಯಲ್ಲಿ ಒಂದು ಗಂಟೆಯ ದಾರಿ. ಕರೆಂಟಿನ ಕಂಬ ಇಲ್ಲದ ಜಾಗವನ್ನು ಹುಡುಕಿ ಹುಡುಕಿ ಕಟ್ಟಿದ್ದು. ತಂತಿ ಹಾದಿದ್ದರೆ ಕಾಯಿಲ್‌ಗೆ ಕರೆಂಟಿನ ಗುಂಯ್ ಬಿಟ್ಟು ಬೇರೇನೂ ಕೇಳುವುದಿಲ್ಲವಂತೆ. ಅಡುಗೆಗೆ ಸೌದೆ ಒಲೆ, ಯಂತ್ರಕ್ಕೂ ದೀಪಕ್ಕೂ ಬ್ಯಾಟರಿ. ತುರ್ತಿಗೆಂದು ಉಪಗ್ರಹದ ಮೂಲಕ ಮಾತಾಡುವ ಒಂದು ಫೋನು.

ನಾನು ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆಯಲ್ಲೇ ಬಾಳಿದವನು. ಅದು ನಿಂತರೆ ಕರೆಂಟ್ ಹೋಯಿತೆಂದು ಎಚ್ಚರವಾಗುವ ಕಿವಿ ನನ್ನದು. ಅಲ್ಲಿ ಹಾಸಿಗೆಯಲ್ಲಿ ಮಲಗಿದಾಗ ಏನೂ ಕೇಳಲಿಲ್ಲ. ನಾಯಿಯಿಲ್ಲ, ಹುಳವಿಲ್ಲ, ಎಲೆಯಿಲ್ಲ. ನನ್ನ ಮೈಯೊಳಗಿನ ರಕ್ತದ ಸದ್ದನ್ನು ನಾನು ಮೊದಲ ಸಲ ಕೇಳಿಸಿಕೊಂಡಿದ್ದು ಆಗ.

ಎರಡನೆಯ ದಿನ: ತುಂಡಾದ ಎಳೆ

ಕಾಯಿಲ್‌ಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಮನೆಯಿಂದ ದೂರದಲ್ಲಿ, ಮೂರು ದಿಕ್ಕಿಗೆ, ಮುಚ್ಚಳ ಮೇಲೆ ಕಾಣುವಂತೆ ಹಿಮದಲ್ಲಿ ಹೂತಿದ್ದರು. ಮೂಡಲ ಕಡೆಯದು ಜೌಗು ನೆಲದ ಅಂಚಿನಲ್ಲಿತ್ತು. ಅದೊಂದೇ ಕೆಲಸ ಮಾಡುತ್ತಿತ್ತು. ಸತ್ತ ಎರಡನ್ನು ಎಸ್ಕೊ ಅಗೆದು ತಂದುಕೊಟ್ಟ.

ಬಿಚ್ಚಿ ನೋಡಿದರೆ ತಪ್ಪು ನನ್ನದೇ. ಮೋಟಾರಿಗೆ ಸುತ್ತುವ ಬಿಗಿಯಲ್ಲೇ ಸುತ್ತಿದ್ದೆ. ನಮ್ಮೂರಿನ ಸೆಕೆಯಲ್ಲಿ ಬಿಗಿಯಾಗಿದ್ದ ತಾಮ್ರ ಅಲ್ಲಿನ ಚಳಿಗೆ ಕುಗ್ಗಿ ಬೆಸುಗೆಯ ಬಾಯಲ್ಲಿ ತುಂಡಾಗಿತ್ತು. ಕೈ ನೋವಿನಲ್ಲಿ ಸಡಿಲ ಸುತ್ತಿದ ಕಾಯಿಲ್ ಉಳಿದುಕೊಂಡಿತ್ತು. ಸುಜಾತನಿಗೆ ಅದನ್ನು ಹೇಳಿದೆ. ಅವಳು ನಗಲಿಲ್ಲ, ಬರೆದುಕೊಂಡಳು.

ನಾನು ಒಲೆಯ ಪಕ್ಕ ಕೂತು ಹೊಸದಾಗಿ ಸುತ್ತತೊಡಗಿದೆ. ಅವಳು ನನ್ನ ಕೈಯನ್ನೇ ತೋರಿಸಿ ತನ್ನ ವಿದ್ಯೆಯನ್ನು ವಿವರಿಸಿದಳು. ಸೂರ್ಯನಿಂದ ಹೊರಟ ಬಿಸಿ ಕಣಗಳಿಗೆ ಪ್ಲಾಸ್ಮಾ ಎಂದು ಹೆಸರು. ಅವು ಭೂಮಿಯ ಅಯಸ್ಕಾಂತದ ಬಲೆಗೆ ಸಿಕ್ಕಿಬೀಳುತ್ತವೆ. ಬಲೆಯ ಒಂದೊಂದು ಎಳೆಯನ್ನೂ ಅವು ನಾನು ಸರಳಿಗೆ ತಂತಿ ಸುತ್ತಿದ ಹಾಗೆ ಸುತ್ತುತ್ತ, ಭೂಮಿಯ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿರುತ್ತವೆ. ಸುತ್ತುವ ವೇಗ ಮುಂದೆ ಸಾಗುವ ವೇಗಕ್ಕಿಂತ ಹೆಚ್ಚಾದಾಗ ಸಮತೋಲ ಕೆಡುತ್ತದೆ. ಎಲ್ಲೋ ಒಂದು ಸಣ್ಣ ಅಲುಗಾಟ ತಾನೇ ತಾನಾಗಿ ಬೆಳೆದು ದೊಡ್ಡ ಅಲೆಯಾಗುತ್ತದೆ.

"ಗಣಪತಿ ಪೆಂಡಾಲಲ್ಲಿ ಮೈಕು ಕುಯ್ಯೋ ಅಂತ ಕಿರಚ್ಕೊಳುತ್ತಲ್ಲ ಪುಟ್ಟಸ್ವಾಮಣ್ಣ, ಹಂಗೆ. ಯಾರೂ ಮಾತಾಡಿರಲ್ಲ. ಅದರದೇ ಸದ್ದು ಅದಕ್ಕೇ ಹೋಗಿ ಬೆಳ್ಕೊಂಡ್ಬಿಡುತ್ತೆ."

"ಆ ಅಲೆ ಏನ್ ಮಾಡ್ತದೆ?"

"ಸುತ್ತೋ ಕಣಗಳನ್ನ ಅಲ್ಲಾಡಿಸಿ ಕೆಳಕ್ಕೆ ಉದುರಿಸುತ್ತೆ. ಅವು ಗಾಳಿಗೆ ಬಡಿದಾಗ ಆಕಾಶದಲ್ಲಿ ಬೆಳಕು. ಅಲೆ ನಮ್ಮ ಕಾಯಿಲ್‌ಗೆ ಬಿದ್ರೆ ಸದ್ದು. ಎರಡೂ ಒಂದೇ ತಾಳದಲ್ಲಿ ಬಡಿಯೋದನ್ನ ಒಂದು ಬೆಳಿಗ್ಗೆ ಪೂರ್ತಿ ಹಿಡೀಬೇಕು ನಾನು. ಮೂರು ಚಳಿಗಾಲದಿಂದ ಕಾಯ್ತಿದೀನಿ. ಈ ಸಲ ಸಿಗ್ಲಿಲ್ಲ ಅಂದ್ರೆ ಈ ಮನೆ ಮುಚ್ತಾರೆ."

ಮೂರನೆಯ ದಿನ: ಹಕ್ಕಿಗಳು

ಬೆಳಿಗ್ಗೆ ಏಳಕ್ಕೆ ಅವಳು ನನ್ನ ಕಿವಿಗೆ ಹೆಡ್‌ಫೋನ್ ಇಟ್ಟಳು. ಹೊರಗೆ ಕಗ್ಗತ್ತಲೆ.

ಮೊದಲು ಹಂಚಿನ ಮೇಲೆ ಸಾಸಿವೆ ಸಿಡಿದಂತೆ ಚಟಪಟ. ಅವೆಲ್ಲ ದೂರದೇಶದ ಮಿಂಚುಗಳು ಎಂದಳು. ಆಮೇಲೆ ಮೇಲಿನಿಂದ ಕೆಳಕ್ಕೆ ಎಳೆದ ಒಂದು ಉದ್ದನೆಯ ಸಿಳ್ಳೆ. ಅದೂ ಮಿಂಚೇ, ಅಯಸ್ಕಾಂತದ ಎಳೆ ಹಿಡಿದು ಆಕಾಶವನ್ನೆಲ್ಲ ಸುತ್ತಿಬಂದದ್ದು. ಸ್ವಲ್ಪ ಹೊತ್ತಿನ ಮೇಲೆ ಹಕ್ಕಿಗಳು ಶುರುವಾದವು.

ಹಕ್ಕಿ ಎನ್ನದೆ ಬೇರೆ ಮಾತಿಲ್ಲ. ಹೊಳೆಯ ಆಚೆ ದಂಡೆಯ ಮರಗಳಲ್ಲಿ ನಸುಕಿಗೆ ನೂರಾರು ಹಕ್ಕಿ ಒಟ್ಟಿಗೆ ದನಿಯೆತ್ತಿದ ಹಾಗೆ. ಚಿಲಿಪಿಲಿ ಮೇಲೇರುತ್ತಿತ್ತು, ಒಂದರ ಮೇಲೊಂದು ಬೀಳುತ್ತಿತ್ತು. ಹೆಡ್‌ಫೋನ್ ತೆಗೆದರೆ ಏನೂ ಇಲ್ಲ. ಹಿಮ ಹೊತ್ತ ಮರಗಳು, ಒಂದು ರೆಕ್ಕೆಯೂ ಅಲುಗದ ಕಾಡು. ಮತ್ತೆ ಇಟ್ಟರೆ ಕಾಡು ತುಂಬ ಹಕ್ಕಿ. ಮೂರು ಸಲ ತೆಗೆದು ಇಟ್ಟೆ. ಮೂರನೆಯ ಸಲ ನನ್ನ ತೋಳಿನ ಕೂದಲು ನಿಮಿರಿತು. ಯಾವ ಗಂಟಲೂ ಇಲ್ಲದೆ ಹಾಡುವ ಹಾಡು ಅದು.

ಬಾಗಿಲ ಬಳಿ ಕೂತು ಕಾಫಿ ಕುಡಿಯುತ್ತಿದ್ದ ಎಸ್ಕೊನಿಗೆ ಹೆಡ್‌ಫೋನ್ ಚಾಚಿದೆ. ಅವನು ತಲೆಯಾಡಿಸಿ ಒಲ್ಲೆನೆಂದ. ಇಷ್ಟು ವರ್ಷ ಇಲ್ಲಿದ್ದರೂ ಒಂದು ಸಲವೂ ಕೇಳಿಸಿಕೊಂಡವನಲ್ಲವಂತೆ. ಆಕಾಶದಲ್ಲಿ ಬೆಳಕು ಆಡುವಾಗ ಅದರ ಕೆಳಗೆ ಸದ್ದು ಮಾಡಬಾರದು, ಅದಕ್ಕೆ ನೀನಿರುವುದು ಗೊತ್ತಾಗುತ್ತದೆ ಎಂದು ಅವನ ತಾಯಿ ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದಳಂತೆ. ಅಲ್ಲಿಯ ತನಕ ಅವನು ನನ್ನೆದುರು ಆಡಿದ ಅತಿ ಉದ್ದನೆಯ ಮಾತು ಇದು. ಸುಜಾತ ಕನ್ನಡಕ್ಕೆ ತಿರುಗಿಸಿದಳು.

ನಮ್ಮಲ್ಲೂ ಉಂಟು ಎಂದೆ. ನಮ್ಮಜ್ಜಿ ಕೂಗುಮಾರಿಯ ಕತೆ ಹೇಳುತ್ತಿದ್ದಳು. ಗೊತ್ತಿರುವ ದನಿಯಲ್ಲಿ ಬಾಗಿಲಾಚೆಯಿಂದ ಹೆಸರು ಹಿಡಿದು ಕೂಗುತ್ತದೆ. ಒಂದೇ ಕೂಗಿಗೆ ಓಗೊಡಬಾರದು. ಮನುಷ್ಯರಾದರೆ ಇನ್ನೊಂದು ಸಲ ಕೂಗುತ್ತಾರೆ. ಸುಜಾತ ಅದನ್ನು ಅವನ ಭಾಷೆಗೆ ತಿರುಗಿಸಿದಳು. ಎಸ್ಕೊ ಎದ್ದು ನನ್ನ ಲೋಟಕ್ಕೆ ಕಾಫಿ ಹಾಕಿದ. ಅಂದಿನಿಂದ ನಮ್ಮಿಬ್ಬರಲ್ಲಿ ಸಲುಗೆ. ಮಾತಿಲ್ಲದ ಸಲುಗೆ.

ಐದನೆಯ ದಿನ: ಬಡಿತ

ಆವತ್ತು ಬೆಳಿಗ್ಗೆ ಆರಕ್ಕೆ ಎಸ್ಕೊ ಹಳ್ಳಿಗೆ ಹೊರಟ. ಬಂಡಿಗೆ ಪೆಟ್ರೋಲು, ಬ್ರೆಡ್ಡು ತರಬೇಕಿತ್ತು. ಸಂಜೆಗೆ ಬರುತ್ತೇನೆ ಎಂದಿದ್ದ. ಹಳ್ಳಿಯ ದಾರಿ ಪಡುವಲಿಗೆ. ಅವನ ಬಂಡಿಯ ದೀಪ ಮರಗಳ ನಡುವೆ ಮರೆಯಾಗುವುದನ್ನು ಕಿಟಕಿಯಲ್ಲಿ ನಾನೇ ನೋಡಿದೆ.

ಏಳಕ್ಕೆ ಸುಜಾತ ಯಂತ್ರ ತೆರೆದಳು. ತೆರೆದವಳೇ ಉಸಿರು ಬಿಗಿಹಿಡಿದಳು. ಹೊರಗೆ ಆಕಾಶದ ತುಂಬ ಹಸಿರು ಬಿಳಿಯ ತೇಪೆಗಳು. ಹರಿದಾಡುತ್ತಿರಲಿಲ್ಲ. ಇದ್ದಲ್ಲೇ ಹೊತ್ತುತ್ತಿದ್ದವು, ಆರುತ್ತಿದ್ದವು. ಮತ್ತೆ ಹೊತ್ತುತ್ತಿದ್ದವು. ಮಲಗಿದ ದೊಡ್ಡದೊಂದು ಪ್ರಾಣಿಯ ಪಕ್ಕೆ ಏರಿಳಿದಂತೆ. ಹೆಡ್‌ಫೋನಿನಲ್ಲಿ ಹಕ್ಕಿಗಳ ಗುಂಪು ಅದೇ ತಾಳದಲ್ಲಿ ದನಿಯೆತ್ತಿ ಸುಮ್ಮನಾಗುತ್ತಿತ್ತು. ಅವಳು ಮೂರು ವರ್ಷ ಕಾದದ್ದು ಇದಕ್ಕೇ.

ನಾವಿಬ್ಬರೂ ಒಂದೊಂದು ಹೆಡ್‌ಫೋನ್ ಹಾಕಿ ಕೂತೆವು. ಮೂಡಲ ಕಾಯಿಲ್ ಒಂದೇ ಇತ್ತು. ಉಳಿದೆರಡು ನನ್ನ ಕೈಯಲ್ಲಿ ಅರ್ಧ ಸುತ್ತಿ ನಿಂತಿದ್ದವು.

ಎಷ್ಟು ಹೊತ್ತಿನ ಮೇಲೋ, ಹಕ್ಕಿಗಳ ಪ್ರತಿ ಏರಿಗೂ ಒಂದು ಗುದ್ದು ಸೇರಿಕೊಂಡಿತು. ಧಪ್. ಬೆಳಕು ಹೊತ್ತಿತು, ಧಪ್. ಆರಿತು. ಹೊತ್ತಿತು, ಧಪ್.

"ಇದು ಹೊಸದು," ಎಂದಳು ಸುಜಾತ. "ಇಷ್ಟು ಕೆಳಗಿನ ಸ್ವರದಲ್ಲಿ ತಾಳ ಬರೋದನ್ನ ನಾನು ಕೇಳೇ ಇಲ್ಲ."

ನಾನು ಕಣ್ಣು ಮುಚ್ಚಿದೆ. ಅಂಗಡಿಗೆ ಮೋಟಾರು ಬಂದರೆ ನಾನು ಮೊದಲು ಕೈ ಹಾಕುವುದಿಲ್ಲ, ಕಿವಿ ಇಡುತ್ತೇನೆ. ಬೇರಿಂಗ್ ಸದ್ದು ಬೇರೆ, ತಂತಿಯ ಸದ್ದು ಬೇರೆ, ಹೊರಗಿನಿಂದ ಯಾರೋ ಕುಟ್ಟಿದ ಸದ್ದು ಬೇರೆ. ಇದು ಮರದ ಸದ್ದು. ಪೆಟ್ಟಿಗೆ ಅಲುಗುತ್ತಿದೆ, ಅಲುಗಿದ ಕಾಯಿಲ್ ಧಪ್ ಎನ್ನುತ್ತಿದೆ.

"ಪೆಟ್ಟಿಗೆ ತಾವು ಯಾರೋ ಅವ್ರೆ ಕಣವ್ವ."

"ಯಾರಿರ್ತಾರೆ? ಎಸ್ಕೊ ಹಳ್ಳಿಗೆ ಹೋದ್ರು. ಇಷ್ಟು ದೂರಕ್ಕೆ ಬೇರೆ ಮನುಷ್ಯರಿಲ್ಲ."

ಅವಳು ಹೇಳಿದ್ದು ನಿಜ. ಆ ಕಾಡಿನಲ್ಲಿ ನಾವಿಬ್ಬರೇ. ಹಾಗಿದ್ದರೆ ಇದು ಯಾರು? ಅಜ್ಜಿಯ ಮಾತು ಬೆನ್ನಹುರಿಯಲ್ಲಿ ಹರಿಯಿತು. ಕಿಟಕಿಯಾಚೆ ಬೆಳಕು ಹೊತ್ತಿದಾಗೆಲ್ಲ ಅವಳ ಮುಖ ಹಸಿರಾಗಿ, ಮತ್ತೆ ಕಪ್ಪಾಗುತ್ತಿತ್ತು.

ನಾನು ಎದ್ದು ಬೂಟಿಗೆ ಕೈ ಹಾಕಿದೆ. ಅವಳು ನನ್ನ ತೋಳು ಹಿಡಿದಳು.

"ಹತ್ತು ನಿಮಿಷ ತಡೀರಿ ಪುಟ್ಟಸ್ವಾಮಣ್ಣ. ಈಗ ಅಲ್ಲಿಗೆ ಕಾಲಿಟ್ರೆ ಎಲ್ಲ ಕೆಟ್ಟೋಗುತ್ತೆ. ಹೆಜ್ಜೆ ಸದ್ದೂ ಅದರಲ್ಲಿ ಬರುತ್ತೆ. ಹತ್ತೇ ನಿಮಿಷ. ನಿಮ್ಮ ದಮ್ಮಯ್ಯ."

ಬೂಟು ಕೈಯಲ್ಲಿ ಹಿಡಿದೇ ಕೂತೆ. ನಾನೂ ಕೂತೆ, ಅದನ್ನು ಮರೆಮಾಚುವುದಿಲ್ಲ.

ಕೇಳುತ್ತ ಕೇಳುತ್ತ ಗುದ್ದು ಹಿಂದೆ ಬೀಳತೊಡಗಿತು. ಹಕ್ಕಿಗಳು ಎದ್ದ ಮೇಲೆ ಒಂದು ಚೂರು ತಡವಾಗಿ ಧಪ್. ಆಮೇಲೆ ಇನ್ನೂ ತಡ. ಒಂದು ಜೋರು, ಒಂದು ಮೆತ್ತಗೆ. ಒಂದು ಸಲ ತಪ್ಪಿಯೇ ಹೋಯಿತು. ಮುಂದಿನದಕ್ಕೆ ಮತ್ತೆ ಬಂತು, ಎಲ್ಲೋ ಆಳದಿಂದ ಕೈಯೆತ್ತಿ ಬಿಟ್ಟಂತೆ.

ಹೆಡ್‌ಫೋನ್ ಕಿತ್ತೆ. "ಸುಜಾತವ್ವ, ಇದು ದಣೀತಾ ಅದೆ. ಆಕಾಶ ದಣಿಯಕಿಲ್ಲ ಕಣವ್ವ. ಇದು ಮನ್ಸನ್ ಕೈ."

ಅವಳು ಮತ್ತೊಂದು ಧಪ್ ಕೇಳಿಸಿಕೊಂಡಳು. "ಅಯ್ಯೋ ದೇವರೇ, ಎಸ್ಕೊ," ಎಂದಳು. ಇಬ್ಬರೂ ಎದ್ದೆವು.

ಜೌಗಿನ ದಂಡೆ

ಮೂಡಲ ಪೆಟ್ಟಿಗೆಗೆ ಹೋದ ಕೇಬಲ್ಲಿನ ಗುಂಟ ಕೋಲು ನೆಟ್ಟಿದ್ದರು. ಅದೇ ದಾರಿ. ಸುಜಾತ ಹಿಮಹಲಗೆ ಕಟ್ಟಿಕೊಂಡು ಮುಂದೆ ಜಾರುತ್ತಿದ್ದಳು. ನಾನು ಕಾಲಿಗೆ ಬುಟ್ಟಿಯಂಥ ಹಿಮದ ಮೆಟ್ಟು ಕಟ್ಟಿ, ಮನೆಯಲ್ಲಿದ್ದ ಇನ್ನೊಂದು ಜಾರುಗಾಡಿಯ ಮೇಲೆ, ಜೌಗಿನಲ್ಲಿ ಬೇಕಾದೀತೆಂದು, ಏಣಿ ಹೇರಿ ಎಳೆಯುತ್ತಿದ್ದೆ. ನಾಲ್ಕು ಸಲ ಬಿದ್ದೆ. ಸೊಂಟದ ತನಕ ಹಿಮ. ಉಸಿರು ಎಳೆದರೆ ಮೂಗಿನೊಳಗೆ ಸೂಜಿ.

ತಲೆಯ ಮೇಲೆ ಇಡೀ ಆಕಾಶ ಹೊತ್ತುತ್ತ ಆರುತ್ತ ಇತ್ತು, ಒಂದಿಷ್ಟೂ ಸದ್ದಿಲ್ಲದೆ. ಅಷ್ಟು ದೊಡ್ಡದು ಅಷ್ಟು ಮೌನವಾಗಿ ಅಲುಗುವುದನ್ನು ನಾನು ಎಲ್ಲೂ ನೋಡಿಲ್ಲ. ಅದು ಹೊತ್ತಿದಾಗ ಹಿಮದ ಮೇಲೆ ನಮ್ಮ ನೆರಳು ಬೀಳುತ್ತಿತ್ತು. ಆರಿದಾಗ ನಾವೇ ಇಲ್ಲ. ಎಸ್ಕೊನ ಹೆಸರು ಕೂಗಲು ಬಾಯಿ ತೆರೆದೆ. ಅವನ ತಾಯಿಯ ಮಾತು ನೆನಪಾಗಿ ಮುಚ್ಚಿಕೊಂಡೆ. ಸುಜಾತಳೇ ಕೂಗಿದಳು. ಉತ್ತರ ಬರಲಿಲ್ಲ. ಎರಡನೆಯ ಸಲ ಕೂಗಿದಾಗ ಅವಳಿಗೆ ಅಳು ಬಂದಿತ್ತು.

ದಂಡೆಯ ಕೆಳಗೆ ಬಂಡಿ ಮಗುಚಿಬಿದ್ದಿತ್ತು, ಅದರಡಿ ಎಸ್ಕೊನ ಎಡಗಾಲು. ಹಳ್ಳಿಯ ದಾರಿ ಹಿಡಿದವನು ಅರ್ಧದಲ್ಲಿ ತಿರುಗಿದ್ದ. ಪೆಟ್ಟಿಗೆಯ ಬಳಿಯ ಗುರುತಿನ ಕೋಲು ಗಾಳಿಗೆ ಬಿದ್ದಿದೆ, ನಿಲ್ಲಿಸಬೇಕು ಎಂದು ಹಿಂದಿನ ಸಂಜೆ ಸುಜಾತ ಹೇಳಿದ್ದಳು. ನಾವು ಯಂತ್ರ ತೆರೆಯುವ ಮೊದಲೇ ಮುಗಿಸಿಬಿಡೋಣವೆಂದು ಕಾಡು ಬಳಸಿ ಬಂದಿದ್ದ. ದಂಡೆ ಕುಸಿದು ಬಂಡಿ ಜಾರಿತ್ತು.

ಅವನು ಅಂಗಾತ ಮಲಗಿ ಆಕಾಶ ನೋಡುತ್ತಿದ್ದ. ರೆಪ್ಪೆಯ ಮೇಲೆ ಹಿಮ ಕಟ್ಟಿತ್ತು. ಚಾಕು ಪಕ್ಕದಲ್ಲಿ ಬಿದ್ದಿತ್ತು. ಅದರ ಮರದ ಹಿಡಿಯಿಂದಲೇ ಕುಟ್ಟಿದ್ದ. ಬಲಗೈ ಪೆಟ್ಟಿಗೆಯ ಮುಚ್ಚಳದ ಮೇಲೆ, ಅಂಗೈ ಊರಿಕೊಂಡು, ಅಲುಗದೆ ಇತ್ತು. ಸತ್ತಿದ್ದಾನೆ ಎಂದುಕೊಂಡೆ. ಆಗ ಅವನ ಕಣ್ಣು ನನ್ನ ಕಡೆ ತಿರುಗಿತು.

ಮುಂದಿನದು ನನ್ನ ಕಸುಬಿನ ಕೆಲಸ. ಬಾವಿಯಿಂದ ಎಷ್ಟು ಮೋಟಾರು ಎತ್ತಿಲ್ಲ. ಏಣಿಯ ತುದಿಯನ್ನು ಬಂಡಿಯ ಅಡಿಗೆ ತೂರಿಸಿ, ಪೆಟ್ಟಿಗೆಯ ಮೂಲೆಗೆ ಆನಿಸಿ ಮೈಭಾರ ಬಿಟ್ಟೆ. ಪೆಟ್ಟಿಗೆ ಬಿರಿಯಿತು, ಬಂಡಿ ಒಂದು ಗೇಣು ಎದ್ದಿತು. ಸುಜಾತ ಅವನ ಕಂಕುಳಿಗೆ ಕೈ ಕೊಟ್ಟು ಎಳೆದಳು. ಜಾರುಗಾಡಿಯಲ್ಲಿ ಮಲಗಿಸಿ, ನನ್ನ ಮೇಲಂಗಿ ಹೊದಿಸಿ, ಇಬ್ಬರೂ ಹಗ್ಗ ಹೆಗಲಿಗೆ ಹಾಕಿಕೊಂಡೆವು. ಮನೆಗೆ ಬಂದವಳೇ ಫೋನಿನಲ್ಲಿ ಸಹಾಯ ಕರೆದಳು. ಹಳ್ಳಿಯವರು ಬಂದು ಅವನನ್ನು ಹೊತ್ತೊಯ್ಯುವ ಹೊತ್ತಿಗೆ ದಿಗಂತದಲ್ಲಿ ನೀಲಿ ಮೂಡುತ್ತಿತ್ತು.

ಗುರುತು

ಆ ಸಂಜೆ ಸುಜಾತ ಯಂತ್ರದಲ್ಲಿ ದಾಖಲಾಗಿದ್ದ ಸದ್ದನ್ನು ಮೊದಲಿಂದ ಹಾಕಿದಳು.

"ಮನುಷ್ಯನ ಕೈ ಎಲ್ಲಿ ಶುರುವಾಗುತ್ತೆ, ಎಲ್ಲಿ ನಿಲ್ಲುತ್ತೆ, ಗುರುತು ಹಾಕ್ಕೊಡಿ," ಎಂದಳು. "ನನಗೆ ಗೊತ್ತಾಗ್ತಿಲ್ಲ. ಗೊತ್ತಾದ್ರೂ ನನ್ನ ಕಿವಿನ ನಾನು ನಂಬಲ್ಲ ಈಗ."

ಮೊದಲ ಗುದ್ದಿಗೇ ಗುರುತು ಹಾಕಿದೆ. ಅದು ಅವಳು ಹತ್ತು ನಿಮಿಷ ತಡೆಯಿರಿ ಎಂದದ್ದಕ್ಕಿಂತ ತುಂಬ ಮುಂಚೆ. ಸ್ವಲ್ಪ ಆಚೆಗೆ ಹಾಕಬಹುದಿತ್ತು. ಹಾಕಲು ಮನಸ್ಸೂ ಬಂತು. ಆದರೆ ಕೇಳಿದ್ದನ್ನು ಕೇಳಿಲ್ಲ ಎನ್ನುವುದು ನನ್ನಿಂದ ಆಗಲಿಲ್ಲ. ಅವಳು ಆ ಗುರುತನ್ನೂ ಅದರ ಪಕ್ಕ ತೋರುತ್ತಿದ್ದ ಗಂಟೆಯನ್ನೂ ನೋಡಿದಳು.

ಕೈ ದಣಿಯುತ್ತ ಬಂದು ನಿಂತ ಕಡೆ ಇನ್ನೊಂದು ಗುರುತು ಹಾಕಿದೆ. ಆಗ ನಾವು ದಾರಿಯಲ್ಲಿದ್ದೆವು. ಆಮೇಲೆ ಬರಿಯ ಹಕ್ಕಿಗಳು, ಏರಿ ಇಳಿದು, ಏರಿ ಇಳಿದು. ಮುಗಿಯಿತು ಎಂದು ಹೆಡ್‌ಫೋನ್ ತೆಗೆಯುವವನಿದ್ದೆ.

ಧಪ್.

ಮತ್ತೆ ಶುರುವಾಗಿತ್ತು. ಹಕ್ಕಿಗಳ ಏರಿಗೆ ಸರಿಯಾಗಿ, ಕೂದಲೆಳೆಯಷ್ಟೂ ತಡವಿಲ್ಲದೆ. ಎಲ್ಲವೂ ಒಂದೇ ತೂಕ. ಸುತ್ತು ಎಣಿಸುವ ಅಭ್ಯಾಸದಿಂದ ಎಣಿಸಿದೆ, ಹತ್ತೊಂಬತ್ತು. ಇಪ್ಪತ್ತನೆಯದರ ಜಾಗದಲ್ಲಿ ನಮ್ಮ ಹೆಜ್ಜೆಗಳ ಕರಕರ ಬಂತು.

"ಇದ್ಯಾವ್ದು ಸುಜಾತವ್ವ?"

ಅವಳು ಮೂರು ಸಲ ಹಾಕಿ ಕೇಳಿದಳು. "ಚಳಿಗೆ ಮರ ಬಿರಿದಿರಬಹುದು."

"ತಾಳ ಇಡ್ಕೊಂಡ್ ಬಿರೀತದಾ ಮರ?"

ಆ ಜಾಗವನ್ನು ಗುರುತಿಲ್ಲದೆ ಬಿಟ್ಟೆವು.

ಉಳಿದ ಮೂರು ದಿನ ನಾನು ಎರಡು ಕಾಯಿಲ್ ಮುಗಿಸಿ, ಮೂಡಲ ಪೆಟ್ಟಿಗೆಗೆ ಹೊಸ ಹಲಗೆ ಹೊಡೆದೆ. ಹೆಡ್‌ಫೋನ್ ಮುಟ್ಟಲಿಲ್ಲ.

ಆಸ್ಪತ್ರೆ

ಹಿಂದಿರುಗುವ ದಾರಿಯಲ್ಲಿ ಎಸ್ಕೊನನ್ನು ನೋಡಲು ಹೋದೆವು. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು, ಎರಡು ಕಾಲ್ಬೆರಳು ಹೋಗಿದ್ದವು. ಆಸ್ಪತ್ರೆಯಲ್ಲಿ ನಮ್ಮ ಹಾಸನದ ಗಲಾಟೆಯಿಲ್ಲ, ರೋಗಿಗೆ ನಾಲ್ಕು ಜನ, ಬುತ್ತಿ, ಫ್ಲಾಸ್ಕು ಏನೂ ಇಲ್ಲ. ಒಬ್ಬನೇ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಪಕ್ಕದ ಮೇಜಿನ ಮೇಲೆ ಒಂದೇ ಒಂದು ಬಟ್ಟಲು ಕಾಫಿ.

ನಾನು ಹುರಿಹಿಟ್ಟಿನ ಪೊಟ್ಟಣ ಕೊಟ್ಟೆ. ಮೂಸಿ ನೋಡಿ ದಿಂಬಿನ ಪಕ್ಕ ಇಟ್ಟುಕೊಂಡ. ಆಮೇಲೆ ಸುಜಾತನ ಜೊತೆ ಅವನ ಭಾಷೆಯಲ್ಲಿ ನಿಧಾನವಾಗಿ ಮಾತಾಡಿದ. ಅವಳು ನನಗೆ ಹೇಳುತ್ತ ಹೋದಳು.

"ಕೂಗಿದ್ರೆ ಕೇಳಲ್ಲ ಅಂತ ಗೊತ್ತಿತ್ತಂತೆ. ನಾವು ಪೆಟ್ಟಿಗೆಗೆ ಕಿವಿ ಕೊಟ್ಟು ಕೂತಿರ್ತೀವಿ ಅಂತ ಕುಟ್ಟಿದ್ರಂತೆ. ಸುಮ್ನೆ ಕುಟ್ತಾ ಇದ್ರೆ ನಿದ್ದೆ ಬಂದ್ಬಿಡುತ್ತೆ ಅಂತ, ಮೇಲೆ ಬೆಳಕು ಹೊತ್ತಿದಾಗೆಲ್ಲ ಒಂದು ಏಟು. ಹಂಗೆ ಲೆಕ್ಕ ಇಟ್ಕೊಂಡ್ರಂತೆ. ಕೊನೆಗೆ ಕೈ ಏಳ್ಲಿಲ್ಲ. ಚಾಕು ಬಿದ್ದೋಯ್ತು. ಅಂಗೈ ಮುಚ್ಚಳದ ಮೇಲೆ ಇಟ್ಟು ಮಲ್ಕೊಂಡ್ರಂತೆ."

ಎಸ್ಕೊ ಇನ್ನೊಂದು ಮಾತು ಕೇಳಿದ. ಸುಜಾತ ಅದನ್ನು ಕನ್ನಡಕ್ಕೆ ತರಲು ತಡಮಾಡಿದಳು.

"ಏನಂತವ್ವ?"

"ನಾನು ನಿಲ್ಲಿಸಿದ ಮೇಲೂ ಅಂಗೈ ಕೆಳಗೆ ಪೆಟ್ಟಿಗೆ ಅದುರ್ತಾ ಇತ್ತು. ಒಳಗಿಂದ. ಅದು ನೀವು ಕೊಟ್ಟ ಉತ್ತರಾನಾ ಅಂತ ಕೇಳ್ತಿದಾರೆ."

ನಾನು ಅಲ್ಲವೆಂದು ತಲೆಯಾಡಿಸಿದೆ. ಅವನಿಗೆ ಅರ್ಥವಾಯಿತು. ಹಾಸಿಗೆಯ ಕಬ್ಬಿಣದ ಸರಳಿಗೆ ಬೆರಳ ಗೆಣ್ಣಿನಿಂದ ಒಂದು ಸಲ ಕುಟ್ಟಿ, ಕೈ ಎತ್ತಿ ಹಿಡಿದು ಕಾದ, ಹೀಗೆ ಎಂದು ತೋರಿಸುವಂತೆ. ನಾವು ಮೂವರೂ ಕಿವಿಗೊಟ್ಟೆವು. ಮರದ ಬಗ್ಗೆ, ಚಳಿಯ ಬಗ್ಗೆ ಸುಜಾತ ಹೇಳಬಹುದಿತ್ತು. ಹೇಳಲಿಲ್ಲ.

ಬದಲಿಗೆ ಅವಳು ಕುರ್ಚಿ ಹತ್ತಿರ ಎಳೆದುಕೊಂಡು ಬೇರೇನನ್ನೋ ಹೇಳತೊಡಗಿದಳು. ನನಗೆ ಆ ಭಾಷೆ ಬಾರದು. ಆದರೆ ನಡುವೆ ಅವಳು ಎರಡೂ ಕೈಯ ಬೆರಳುಗಳನ್ನು ಬಿಡಿಸಿ ಹಿಡಿದಳು. ಹತ್ತು. ಆ ಹತ್ತು ನಿಮಿಷದ ಮಾತೆಂದು ಆಗ ತಿಳಿಯಿತು. ಬೆರಳುಗಳನ್ನು ಮಡಿಸುವುದನ್ನು ಮರೆತು ಹಾಗೇ ಹಿಡಿದುಕೊಂಡು ಮಾತು ಮುಗಿಸಿದಳು.

ಎಸ್ಕೊ ಕಿಟಕಿಯ ಕಡೆ ಮುಖ ತಿರುಗಿಸಿದ. ಹೊರಗೆ ಮಧ್ಯಾಹ್ನದ ನೀಲಿ ಆರುತ್ತಿತ್ತು. ನಾನು ಎದ್ದು ಹೊರಗೆ ಹೋಗಲೇ ಎಂದು ಯೋಚಿಸಿದೆ. ಅಷ್ಟರಲ್ಲಿ ಅವನು ಮೇಜಿನ ಮೇಲಿದ್ದ ತನ್ನ ಬಟ್ಟಲನ್ನು ಮೆಲ್ಲಗೆ, ತುಳುಕದಂತೆ, ಅವಳ ಕಡೆಗೆ ತಳ್ಳಿದ.

ಸುಜಾತ ಅದನ್ನು ಎರಡು ಕೈಯಲ್ಲೂ ಹಿಡಿದು ಕುಡಿದಳು.